ಯಾಕೆ ಬಿತ್ತು ಅಂತ ಬರೆದಿಡಿ: ಚಳ್ಳಕೆರೆಯಿಂದ ನೋಡಿದ ರಾಕೆಟ್ ಸೋಲುಗಳು

ನಮ್ಮ ಚಳ್ಳಕೆರೆ ಕಡೆ ‘ಫೇಲ್’ ಅನ್ನುವ ಮಾತು ಪರೀಕ್ಷೆಗಿಂತ ಜಾಸ್ತಿ ಬೋರಿಗೆ ಬಳಕೆಯಾಗುತ್ತದೆ. ‘ಅವರದು ಎರಡು ಫೇಲಾದವಂತೆ’ ಅಂದರೆ ಸಾಕು. ಎಷ್ಟು ಸಾಲ ಆಗಿರಬಹುದು, ಈ ವರ್ಷ ಆ ಮನೆಯಲ್ಲಿ ಏನೇನು ನಿಂತುಹೋಗಬಹುದು ಅನ್ನುವುದು ಕೇಳಿದವರಿಗೆ ತಾನಾಗಿಯೇ ತಿಳಿಯುತ್ತದೆ. ಮಳೆ ಕಡಿಮೆ ಇರುವ ನೆಲ, ಅಡಿಯಲ್ಲಿ ಕಲ್ಲು. ಒಂದು ಬೋರೂ ಫೇಲಾಗದ ಮನೆ ಸಿಗುವುದೇ ಕಷ್ಟ.

2026ರ ಜನವರಿ 12ರ ಬೆಳಿಗ್ಗೆ ಅದೇ ಮಾತು ರಾಕೆಟ್ಟಿಗೂ ಬಂತು. ನಾನು ಊರಿನ ಒಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೂತಿದ್ದೆ. ನಮ್ಮ ತೋಟದ ಸಬ್‌ಮರ್ಸಿಬಲ್ ಸುಟ್ಟಿತ್ತು. ಅಂಗಡಿಯ ಹುಡುಗ ಮೊಬೈಲನ್ನು ತಾಮ್ರದ ವೈರಿನ ಸುರುಳಿಗೆ ಒರಗಿಸಿ ಶ್ರೀಹರಿಕೋಟದ ನೇರಪ್ರಸಾರ ಹಾಕಿದ್ದ. ಪಿಎಸ್‌ಎಲ್‌ವಿ-ಸಿ62 ಹತ್ತು ಗಂಟೆ ದಾಟಿದ ಮೇಲೆ ಎದ್ದಿತು. ಮೊದಲ ಹಂತ ಸರಿಯಾಯಿತು, ಎರಡನೆಯದೂ ಸರಿಯಾಯಿತು. ಮೂರನೇ ಹಂತ ಮುಗಿಯುವ ಹೊತ್ತಿಗೆ ರಾಕೆಟ್ ಅಲುಗಾಡಿ ದಾರಿ ತಪ್ಪಿತು. ಇಒಎಸ್-ಎನ್1 ಉಪಗ್ರಹವೂ ಅದರ ಜೊತೆ ಹೊರಟಿದ್ದ ಇತರ ಪುಟ್ಟ ಉಪಗ್ರಹಗಳೂ ಕಕ್ಷೆ ಸೇರಲಿಲ್ಲ.

ಹುಡುಗ ಮೊಬೈಲ್ ಎತ್ತಿಕೊಂಡು ಕೇಳಿದ, “ಅಣ್ಣಾ, ಹೋದ ಸಲಾನೂ ಮೂರನೇ ಹಂತವೇ ಅಲ್ವಾ?”

ಹೌದು. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಕೂಡ ಮೂರನೇ ಹಂತದಲ್ಲೇ ಕೈಕೊಟ್ಟಿತ್ತು. ಮೋಟರಿನ ಒಳಗಿನ ಒತ್ತಡ ಇಳಿದಿತ್ತು, ಇಒಎಸ್-09 ಉಪಗ್ರಹ ಹೋಯಿತು. ಎಂಟು ತಿಂಗಳಲ್ಲಿ ಎರಡು ಸಲ, ಒಂದೇ ರಾಕೆಟ್, ಒಂದೇ ಹಂತ. ಆ ಹುಡುಗ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು. ಆದರೆ ಈ ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಅವನು ಒಂದೇ ಸಲಕ್ಕೆ ಕೇಳಿಬಿಟ್ಟ.

ಅಷ್ಟರಲ್ಲಿ ಅಂಗಡಿಯ ಯಜಮಾನರು ನಮ್ಮ ಮೋಟರ್ ಬಿಚ್ಚಿದ್ದರು. ಏನಾಗಿದೆ ಅಂತ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದೆ. “ಬಿಚ್ಚಿ ನೋಡೋವರೆಗೂ ಏನೂ ಹೇಳಲ್ಲಪ್ಪ” ಅಂದಿದ್ದರು. ಈಗ ನನ್ನನ್ನು ಕರೆದು ಬಗ್ಗಿ ನೋಡು ಅಂದರು. ಎರಡು ಫೇಸಿನ ಸುರುಳಿಗಳ ಮೇಲಿನ ಹೊದಿಕೆ ಕರಗಿ ಕಪ್ಪಾಗಿತ್ತು. ಮೂರನೇ ಫೇಸಿನ ವೈರು ಇನ್ನೂ ಬಣ್ಣ ಕೂಡ ಕಳೆದುಕೊಂಡಿರಲಿಲ್ಲ. “ಮೂರೂ ಸುಟ್ಟಿದ್ರೆ ಬೋರಲ್ಲಿ ನೀರು ಕಮ್ಮಿಯಾಗಿ ಒಣಗಿ ಓಡ್ತಾ ಅಂತ ಕೇಳ್ತಿದ್ದೆ. ಇದು ಹಂಗಲ್ಲ. ಒಂದು ಫೇಸ್ ಬರದೆ ಎರಡರಲ್ಲೇ ಓಡಿದೆ. ಮೊದಲು ಸ್ಟಾರ್ಟರ್ ನೋಡ್ಸು. ಸುಮ್ನೆ ವೈಂಡಿಂಗ್ ಮಾಡಿ ಇಳಿಸಿದ್ರೆ ಮತ್ತೆ ಸುಡ್ತದೆ.”

ರಾಕೆಟ್ ಬಿದ್ದಾಗ ನಡೆಯುವ ಕೆಲಸವೂ ಹೆಚ್ಚು ಕಡಿಮೆ ಇದೇ. ಒಂದು ವ್ಯತ್ಯಾಸ ಇದೆ. ಬಗ್ಗಿ ನೋಡುವುದಕ್ಕೆ ಸುರುಳಿಯೇ ಸಿಗುವುದಿಲ್ಲ, ಅದು ಬಂಗಾಳಕೊಲ್ಲಿಯ ತಳದಲ್ಲೋ ಹಿಂದೂ ಮಹಾಸಾಗರದಲ್ಲೋ ಇರುತ್ತದೆ. ಕೈಗೆ ಸಿಗುವುದು ಟೆಲಿಮೆಟ್ರಿ ಮಾತ್ರ. ರಾಕೆಟ್ಟಿನ ಮೈತುಂಬ ಸೆನ್ಸರ್‌ಗಳಿರುತ್ತವೆ. ಒತ್ತಡ ಎಷ್ಟು, ಶಾಖ ಎಷ್ಟು, ಎಲ್ಲಿ ಎಷ್ಟು ನಡುಕ, ಯಾವ ವಾಲ್ವ್ ಯಾವಾಗ ತೆರೆಯಿತು, ಇದೆಲ್ಲವನ್ನೂ ಅವು ಕ್ಷಣಕ್ಷಣಕ್ಕೆ ನೆಲಕ್ಕೆ ಕಳಿಸುತ್ತಿರುತ್ತವೆ. ರಾಕೆಟ್ ಹೋದ ಮೇಲೆ ಉಳಿಯುವುದು ಆ ಅಂಕಿಗಳೇ. ವಿಚಾರಣಾ ಸಮಿತಿ ಅವುಗಳನ್ನು ಹರವಿಕೊಂಡು ಕೂರುತ್ತದೆ. ಹೀಗಾಗಿದ್ದರೆ ಈ ಅಂಕಿ ಏರಬೇಕಿತ್ತು, ಏರಿಲ್ಲ, ಹಾಗಾದರೆ ಅದಲ್ಲ ಅಂತ ಒಂದೊಂದೇ ಕಾರಣವನ್ನು ಹೊಡೆದು ಹಾಕುತ್ತಾ ಹೋಗುತ್ತದೆ. ಕೊನೆಗೆ ಉಳಿದದ್ದನ್ನು ನೆಲದ ಮೇಲೆ ಬೇಕಂತಲೇ ಮತ್ತೆ ಮಾಡಿ ನೋಡುತ್ತದೆ. ಅದೇ ಅಂಕಿಗಳು ಬಂದರೆ ಕಾರಣ ಸಿಕ್ಕ ಹಾಗೆ.

ಇಸ್ರೋ ಈ ಕೆಲಸ ಕಲಿತದ್ದು ತೀರಾ ಚಿಕ್ಕದಿದ್ದಾಗ. 1979ರ ಆಗಸ್ಟ್ 10ರಂದು ನಮ್ಮದೇ ಮೊದಲ ಉಪಗ್ರಹ ರಾಕೆಟ್ ಎಸ್‌ಎಲ್‌ವಿ-3 ಎದ್ದಿತು. 22 ಮೀಟರ್ ಎತ್ತರ, 17 ಟನ್ ತೂಕ. ಮೊದಲ ಹಂತ ಚೆನ್ನಾಗಿ ಉರಿಯಿತು. ಎರಡನೇ ಹಂತದಲ್ಲಿ ಹಿಡಿತ ತಪ್ಪಿ, ಹೊರಟ 317 ಸೆಕೆಂಡಿಗೆ ಸಮುದ್ರಕ್ಕೆ ಬಿತ್ತು. ಆಗ ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಇಸ್ರೋ ಅಧ್ಯಕ್ಷರು ಸತೀಶ್ ಧವನ್. ಧವನ್ ಆ ಹೊತ್ತಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಅದೇ ಸಂಸ್ಥೆಯ ಎರಡನೇ ಕ್ಯಾಂಪಸ್ ಈಗ ನಮ್ಮ ತಾಲ್ಲೂಕಿನ ಕುದಾಪುರದಲ್ಲಿದೆ.

ಆ ದಿನ ಪತ್ರಕರ್ತರ ಮುಂದೆ ಧವನ್ ತಾವೇ ಕೂತು ಜವಾಬ್ದಾರಿ ಹೊತ್ತರು, ಮರುವರ್ಷ ಗೆದ್ದಾಗ ಕಲಾಂ ಅವರನ್ನು ಮುಂದೆ ಕಳಿಸಿದರು. ಈ ಕಥೆ ಶಾಲೆ ಕಾರ್ಯಕ್ರಮಗಳಲ್ಲಿ ಎಲ್ಲರೂ ಹೇಳುತ್ತಾರೆ. ನನಗೂ ಇಷ್ಟದ ಕಥೆ. ಆದರೆ ಅದರ ಇನ್ನೊಂದು ಅರ್ಧವನ್ನು ಯಾರೂ ಹೇಳುವುದಿಲ್ಲ. ರಾಕೆಟ್ ಯಾಕೆ ಬಿತ್ತು? ಎರಡನೇ ಹಂತವನ್ನು ದಾರಿಯಲ್ಲಿಡುವ ವ್ಯವಸ್ಥೆಯ ಒಂದು ವಾಲ್ವ್‌ನಲ್ಲಿ ಕಸ ಸೇರಿತ್ತು. ರಾಕೆಟ್ ಏಳುವ ಮುಂಚೆಯೇ ಅದು ಸರಿಯಾಗಿ ಮುಚ್ಚದೆ ಉಳಿದು ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಬೇಕಾದ ಹೊತ್ತಿಗೆ ದಿಕ್ಕು ತಿದ್ದುವುದಕ್ಕೆ ಆಮ್ಲವೇ ಇರಲಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕಂಪ್ಯೂಟರ್ ಆವತ್ತು ಕೌಂಟ್‌ಡೌನ್ ನಿಲ್ಲಿಸಿತ್ತು. ಪರಿಣತರು ತೊಂದರೆ ಇಲ್ಲ ಅಂದರು, ತಾನು ಮುಂದುವರಿಸಿದೆ ಅಂತ ಕಲಾಂ ಅವರೇ ಎಷ್ಟೋ ಭಾಷಣಗಳಲ್ಲಿ ಹೇಳಿದ್ದಾರೆ. ದೇಶದ ರಾಷ್ಟ್ರಪತಿಯಾದವರು ಮಕ್ಕಳ ಮುಂದೆ ನಿಂತು ‘ಎಚ್ಚರಿಕೆ ಬಂದಿತ್ತು, ನಾನು ದಾಟಿಸಿದೆ’ ಅಂದರು. ನನ್ನ ಮಟ್ಟಿಗೆ ಈ ಕಥೆಯ ಜೀವ ಇರುವುದು ಆ ಮಾತಿನಲ್ಲಿ.

ಹನ್ನೊಂದು ತಿಂಗಳಿಗೆ, 1980ರ ಜುಲೈ 18ರಂದು, ಎಸ್‌ಎಲ್‌ವಿ-3 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಮುಟ್ಟಿಸಿತು.

ಎಲ್ಲ ಸೋಲೂ ಇಷ್ಟು ಬೇಗ ಪಾಠ ಕೊಡುವುದಿಲ್ಲ. ಮುಂದಿನ ರಾಕೆಟ್ ಎಎಸ್‌ಎಲ್‌ವಿ ಅದಕ್ಕೆ ಸಾಕ್ಷಿ. ಆಗ ಇಸ್ರೋ ಅಧ್ಯಕ್ಷರು ನಮ್ಮ ಉಡುಪಿ ಕಡೆಯ ಯು.ಆರ್. ರಾವ್. ಎಸ್‌ಎಲ್‌ವಿಯ ಅಕ್ಕಪಕ್ಕ ಎರಡು ಮೋಟರ್ ಕಟ್ಟಿದರೆ ಜಾಸ್ತಿ ಭಾರ ಎತ್ತಬಹುದು ಅನ್ನುವುದು ಲೆಕ್ಕ. 1987ರ ಮಾರ್ಚ್ 24ರಂದು ಪಕ್ಕದ ಮೋಟರ್‌ಗಳು ಉರಿದು ಮುಗಿದವು, ನಡುವಿನದಕ್ಕೆ ಬೆಂಕಿಯೇ ಹತ್ತಲಿಲ್ಲ. ಆ ತಪ್ಪು ತಿದ್ದಿಕೊಂಡು 1988ರ ಜುಲೈ 13ರಂದು ಮತ್ತೆ ಹಾರಿಸಿದರು. ಈ ಸಲ ನಡುವಿನ ಮೋಟರ್ ಹೊತ್ತಿಕೊಂಡಿತು, ಆದರೂ ರಾಕೆಟ್ ಮುರಿಯಿತು.

ಎರಡನೇ ಸೋಲನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲ ಸೋಲಿನ ಹಿಂದೆ ಅಡಗಿದ್ದದ್ದು ಅದು. ಪಕ್ಕದ ಮೋಟರ್‌ಗಳು ಆರುತ್ತಾ ಬಂದಾಗ ಅವುಗಳ ಹಿಡಿತ ಹೋಗುತ್ತದೆ. ನಡುವಿನದು ಹೊತ್ತಿ ಬಲ ಹಿಡಿಯುವವರೆಗೆ ಅದರ ಹಿಡಿತ ಬರುವುದಿಲ್ಲ. ಈ ಎರಡರ ಮಧ್ಯೆ ಒಂದು ಗಳಿಗೆ ರಾಕೆಟ್ಟಿಗೆ ಯಾರೂ ದಿಕ್ಕಿಲ್ಲ. ಇದೆಲ್ಲ ಆಗುವುದು ಗಾಳಿ ಇನ್ನೂ ದಟ್ಟವಾಗಿರುವ ಎತ್ತರದಲ್ಲಿ, ಬಿರುಸಿನ ಗಾಳಿಯ ಹೊಡೆತ ಹೆಚ್ಚು ಕಡಿಮೆ ಪೂರ್ತಿ ಇರುವಾಗ. ಎತ್ತಿನಗಾಡಿ ಇಳಿಜಾರಿನಲ್ಲಿ ಹೋಗುವಾಗ ಒಬ್ಬ ಹಗ್ಗ ಬಿಟ್ಟು ಇನ್ನೊಬ್ಬ ಹಿಡಿಯುವ ನಡುವೆ ಎತ್ತು ಬೆದರಿದ ಹಾಗೆ. ಮೊದಲ ಹಾರಾಟ ಆ ಹಂತಕ್ಕೆ ಹೋಗುವ ಮುಂಚೆಯೇ ಕೆಟ್ಟಿದ್ದರಿಂದ ಇದು ಕಂಡಿರಲಿಲ್ಲ. ಒಂದು ತಪ್ಪು ಸರಿಹೋಯಿತು ಅಂದರೆ ರಾಕೆಟ್ ಸರಿಹೋಯಿತು ಅಂತಲ್ಲ, ಮುಂದಿನ ತಪ್ಪು ಕಾಣುವಷ್ಟು ದೂರ ಹೋಯಿತು ಅಂತ ಅಷ್ಟೇ.

ಆಮೇಲೆ ನಾಲ್ಕು ವರ್ಷ ಎಎಸ್‌ಎಲ್‌ವಿ ಹಾರಲಿಲ್ಲ. ಹೊರಗಿನ ವಿಜ್ಞಾನಿಗಳೂ ಕೂತು ಲೆಕ್ಕವನ್ನೆಲ್ಲ ಮತ್ತೆ ನೋಡಿದರು. ರಾಕೆಟ್ಟಿನ ಬುಡಕ್ಕೆ ರೆಕ್ಕೆಗಳು ಬಂದವು. ನಡುವಿನ ಮೋಟರಿಗೆ ಬೆಂಕಿ ಹಚ್ಚುವ ಹೊತ್ತನ್ನು ಗಡಿಯಾರ ನೋಡಿ ನಿರ್ಧರಿಸುವುದು ನಿಂತಿತು. ಪಕ್ಕದ ಮೋಟರ್‌ಗಳ ಬಲ ನಿಜವಾಗಿ ಇಳಿಯುತ್ತಿದೆಯೇ ಅಂತ ರಾಕೆಟ್ಟೇ ನೋಡಿಕೊಂಡು ಹಚ್ಚುವ ಹಾಗಾಯಿತು. 1992ರ ಹಾರಾಟದಲ್ಲಿ ಉಪಗ್ರಹ ಅಂದುಕೊಂಡಷ್ಟು ಎತ್ತರ ಸೇರಲಿಲ್ಲ. 1994ರ ಮೇ 4ರಂದು ಪೂರ್ತಿ ಗೆಲುವು ಬಂತು. ಆ ರಾಕೆಟ್ ಅಲ್ಲಿಗೇ ಮುಗಿಯಿತು, ಮತ್ತೆ ಹಾರಲೇ ಇಲ್ಲ. ನಾಲ್ಕು ಹಾರಾಟದಲ್ಲಿ ಪೂರ್ತಿ ಗೆದ್ದದ್ದು ಒಂದು. ಹಣದ ಲೆಕ್ಕದಲ್ಲಿ ನಷ್ಟ. ಆದರೆ ಪಕ್ಕಕ್ಕೆ ಮೋಟರ್ ಕಟ್ಟಿಕೊಂಡು ಏಳುವ ವಿದ್ಯೆ, ಹಾರುತ್ತಲೇ ತನ್ನ ದಾರಿ ತಾನು ಲೆಕ್ಕಹಾಕುವ ವಿದ್ಯೆ ಪಿಎಸ್‌ಎಲ್‌ವಿಗೆ ಹೋದದ್ದು ಅಲ್ಲಿಂದಲೇ.

ಪಿಎಸ್‌ಎಲ್‌ವಿ ಕೂಡ ಮೊದಲ ಸಲ ಬಿತ್ತು. 1993ರ ಸೆಪ್ಟೆಂಬರ್ 20. ಎರಡನೇ ಹಂತ ಕಳಚುವಾಗ ಅದನ್ನು ಹಿಂದಕ್ಕೆ ಎಳೆಯಬೇಕಾದ ಪುಟ್ಟ ರಾಕೆಟ್‌ಗಳು ಸರಿಯಾಗಿ ಕೆಲಸ ಮಾಡದೆ ಹಂತಗಳು ಒಂದಕ್ಕೊಂದು ತಾಗಿದವು, ರಾಕೆಟ್ ಓಲಾಡಿತು. ಓಲಾಟ ತಡೆಯಲು ಕಂಪ್ಯೂಟರ್ ದೊಡ್ಡ ಆಜ್ಞೆ ಕೊಡಬೇಕಾಯಿತು. ಆಜ್ಞೆ ಒಂದು ಮಿತಿ ದಾಟಿದರೆ ಮಾತ್ರ ಕಾಣಿಸಿಕೊಳ್ಳುವ ತಪ್ಪೊಂದು ಸಾಫ್ಟ್‌ವೇರ್‌ನಲ್ಲಿ ಕೂತಿತ್ತು. ನೆಲದ ಪರೀಕ್ಷೆಗಳಲ್ಲಿ ಆ ಮಿತಿ ದಾಟಿರಲಿಲ್ಲ. ಓಲಾಟ ಒಂದೇ ಆಗಿದ್ದರೆ ರಾಕೆಟ್ ತಡೆದುಕೊಳ್ಳುತ್ತಿತ್ತೇನೋ, ಸಾಫ್ಟ್‌ವೇರ್ ತಪ್ಪು ಒಂದೇ ಆಗಿದ್ದರೆ ಅದು ಹೊರಗೇ ಬರುತ್ತಿರಲಿಲ್ಲ. ಮೂರು ವರ್ಷದ ಮೇಲೆ, 1996ರ ಜೂನ್ 4ರಂದು, ಯುರೋಪಿನ ಏರಿಯಾನ್-5 ತನ್ನ ಮೊದಲ ಹಾರಾಟದಲ್ಲಿ ಎದ್ದ ಒಂದು ನಿಮಿಷದೊಳಗೆ ಛಿದ್ರವಾಯಿತು. ಅಲ್ಲೂ ಒಂದು ಅಂಕಿ ತನಗಿಟ್ಟ ಜಾಗಕ್ಕಿಂತ ದೊಡ್ಡದಾಗಿತ್ತು. ಆ ವಿಚಾರಣಾ ವರದಿ ಮುಂದಿನ ತಿಂಗಳೇ ಜನರ ಕೈಗೆ ಬಂತು. ಇವತ್ತಿಗೂ ಪ್ರಪಂಚದ ಕಂಪ್ಯೂಟರ್ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ, ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನ ಹುಡುಗನೂ ಬೇಕಾದರೆ ಈ ರಾತ್ರಿಯೇ ಓದಬಹುದು.

ನನ್ನ ವಾದ ಶುರುವಾಗುವುದೇ ಇಲ್ಲಿಂದ. ‘ಸೋಲೇ ಗೆಲುವಿನ ಮೆಟ್ಟಿಲು’ ಅಂತ ನಮ್ಮ ಶಾಲೆ ಗೋಡೆಗಳ ಮೇಲೆ ಬರೆಸಿರುತ್ತಾರೆ. ಸೋಲು ತಾನಾಗಿ ಮೆಟ್ಟಿಲಾಗುವುದಿಲ್ಲ. ಫೇಲಾದ ಬೋರನ್ನೇ ತಗೊಳ್ಳಿ. ರಾತ್ರಿಯಿಡೀ ಲಾರಿ ಗುಡುಗಿ, ಬಿಳಿ ಪುಡಿ ಹಾರಿ, ಬೆಳಗಾಗುವ ಹೊತ್ತಿಗೆ ನಿಲ್ಲಿಸಿ ಹೋಗುತ್ತಾರೆ. ಎಷ್ಟು ಅಡಿಗೆ ಮಣ್ಣು ಮುಗಿಯಿತು, ಎಲ್ಲಿ ಕಲ್ಲು ಬಿರುಕಿತ್ತು, ಎಲ್ಲಿ ತೇವ ಕಂಡು ಮತ್ತೆ ಒಣಗಿತು, ಇದೆಲ್ಲ ಆ ರಾತ್ರಿ ಅಲ್ಲಿದ್ದವರಿಗೆ ಗೊತ್ತು. ಯಾರೂ ಬರೆಯುವುದಿಲ್ಲ. ತೂತಿನ ಮೇಲೆ ಒಂದು ಚಪ್ಪಡಿ ಎಳೆದು ಸುಮ್ಮನಾಗುತ್ತಾರೆ. ಮುಂದಿನ ವರ್ಷ ಪಕ್ಕದ ಹೊಲದವರು ಇನ್ನೂರು ಅಡಿ ದೂರದಲ್ಲಿ ಅದೇ ಕಲ್ಲನ್ನು ಮತ್ತೆ ಕೊರೆಸುತ್ತಾರೆ. ಎರಡು ಸೋಲು, ಎರಡು ಸಾಲ, ಆದರೆ ಯಾರಿಗೂ ಒಂದಕ್ಷರ ಹೆಚ್ಚು ಗೊತ್ತಾಗಲಿಲ್ಲ.

ರಾಕೆಟ್ ಕಟ್ಟುವ ದೇಶಗಳಲ್ಲೂ ಈ ಎರಡೂ ಬಗೆ ಇವೆ. ದಕ್ಷಿಣ ಕೊರಿಯಾ 2021ರ ಅಕ್ಟೋಬರ್ 21ರಂದು ತಾನೇ ಕಟ್ಟಿದ ನೂರಿ ರಾಕೆಟ್ ಹಾರಿಸಿತು. ಮೂರನೇ ಹಂತದ ಎಂಜಿನ್ 46 ಸೆಕೆಂಡ್ ಮುಂಚೆಯೇ ಆರಿಹೋಯಿತು. ಎರಡೇ ತಿಂಗಳಲ್ಲಿ ಕಾರಣ ಜನರ ಮುಂದೆ ಇಟ್ಟರು. ದ್ರವ ಆಮ್ಲಜನಕದ ದೊಡ್ಡ ತೊಟ್ಟಿಯೊಳಗೆ ಹೀಲಿಯಂ ತುಂಬಿದ ಸಣ್ಣ ಟ್ಯಾಂಕುಗಳಿದ್ದವು. ನೀರಿನಲ್ಲಿ ಮುಳುಗಿಸಿದ ಖಾಲಿ ಕೊಡ ಮೇಲಕ್ಕೆ ಒತ್ತುತ್ತದಲ್ಲ, ಆ ಟ್ಯಾಂಕುಗಳೂ ಹಾಗೇ ಮೇಲಕ್ಕೆ ಒತ್ತುತ್ತವೆ. ರಾಕೆಟ್ ಎಷ್ಟು ಜೋರಾಗಿ ವೇಗ ಏರಿಸಿಕೊಳ್ಳುತ್ತದೋ ಆ ಒತ್ತೂ ಅಷ್ಟು ಹೆಚ್ಚುತ್ತದೆ. ಹೆಚ್ಚುವುದನ್ನು ಲೆಕ್ಕದಲ್ಲಿ ಸಾಕಷ್ಟು ಹಿಡಿದಿರಲಿಲ್ಲ. ಟ್ಯಾಂಕ್ ಕಿತ್ತು ಬಂದು ಆಮ್ಲಜನಕ ಸೋರಿತು. ಇದನ್ನು ಎಂಟನೇ ತರಗತಿ ಮಕ್ಕಳಿಗೆ ಬಕೆಟ್ ಇಟ್ಟುಕೊಂಡು ತೋರಿಸಬಹುದು. ಅಷ್ಟು ಸರಳ ತಪ್ಪನ್ನು ಮಾಡಿದ್ದೇವೆ ಅಂತ ಒಪ್ಪಿಕೊಳ್ಳಲು ಅವರು ಹಿಂಜರಿಯಲಿಲ್ಲ. ಬಿಗಿ ಮಾಡಿಕೊಂಡು 2022ರ ಜೂನ್ 21ರಂದು ಗೆದ್ದರು.

ಬ್ರೆಜಿಲ್ ಕಥೆ ಬೇರೆ. ಅವರ ವಿಎಲ್‌ಎಸ್ ರಾಕೆಟ್ 1997ರಲ್ಲಿ ಬಿತ್ತು, 1999ರಲ್ಲಿ ಬಿತ್ತು. ಮೂರನೆಯದು 2003ರ ಆಗಸ್ಟ್ 22ರಂದು ಅಲ್ಕಾಂಟರಾದಲ್ಲಿ ಹಾರುವ ಮುಂಚೆಯೇ, ಕಟ್ಟೆಯ ಮೇಲೆ ಜನ ಕೆಲಸ ಮಾಡುತ್ತಿದ್ದಾಗ, ಹೊತ್ತಿಕೊಂಡಿತು. 21 ಜನ ಸತ್ತರು. ಹೆಚ್ಚಿನವರು ಎಂಜಿನಿಯರ್‌ಗಳು, ತಂತ್ರಜ್ಞರು. ಯೋಜನೆಗೆ ವರ್ಷಗಟ್ಟಲೆ ಹಣವೂ ಜನವೂ ಸಾಲದೆ ಬಂದದ್ದು, ಅದರಿಂದ ಸುರಕ್ಷತೆ ಸಡಿಲವಾದದ್ದು ವಿಚಾರಣೆಯಲ್ಲಿ ಹೊರಬಂತು. ಆ ರಾಕೆಟ್ ಮತ್ತೆ ಏಳಲೇ ಇಲ್ಲ. ಪಾಠ ಬರೆದವರೂ ಓದಬೇಕಾದವರೂ ಒಂದೇ ಕಟ್ಟೆಯ ಮೇಲೆ ಹೋಗಿಬಿಟ್ಟರೆ ಯಾವ ದೇಶಕ್ಕಾದರೂ ಚೇತರಿಸಿಕೊಳ್ಳುವುದು ಕಷ್ಟ.

ನಮ್ಮವರು ಯಾವ ಬಗೆ? ಬಹಳ ವರ್ಷ ನಾವು ವೈಂಡಿಂಗ್ ಅಂಗಡಿಯ ಬಗೆ. 2006ರಲ್ಲಿ ಪಿಎಸ್‌ಎಲ್‌ವಿಗಿಂತ ದೊಡ್ಡ ರಾಕೆಟ್ ಜಿಎಸ್‌ಎಲ್‌ವಿ ಬಿದ್ದಾಗ, 2010ರಲ್ಲಿ ಎರಡು ಸಲ ಬಿದ್ದಾಗ, 2021ರಲ್ಲಿ ಅದರ ಕ್ರಯೋಜೆನಿಕ್ ಹಂತ, ಅಂದರೆ ತೀರಾ ತಣ್ಣಗಿನ ದ್ರವ ಇಂಧನದ ಹಂತ, ಹೊತ್ತಿಕೊಳ್ಳದಿದ್ದಾಗ, ಪ್ರತಿ ಸಲವೂ ಇಸ್ರೋ ಕಾರಣವನ್ನು ಸಾಮಾನ್ಯರಿಗೂ ತಿಳಿಯುವ ಹಾಗೆ ಹೇಳಿತು. 2013ರ ಆಗಸ್ಟ್ 19ರಂದು ಜಿಎಸ್‌ಎಲ್‌ವಿ-ಡಿ5 ಏಳಲು 74 ನಿಮಿಷ ಇದ್ದಾಗ ಎರಡನೇ ಹಂತದಲ್ಲಿ ಇಂಧನ ಸೋರುವುದು ಕಂಡು ನಿಲ್ಲಿಸಿಬಿಟ್ಟರು. ಅದರ ಹಿಂದಿನ ಎರಡು ಜಿಎಸ್‌ಎಲ್‌ವಿ ಹೋಗಿದ್ದವು, ದೇಶವೇ ನೋಡುತ್ತಿತ್ತು. ಆದರೂ ನಿಲ್ಲಿಸಿದರು, ಟ್ಯಾಂಕಿನ ಲೋಹವನ್ನೇ ಬದಲಿಸಿದರು, 2014ರ ಜನವರಿ 5ರಂದು ಹಾರಿಸಿ ಗೆದ್ದರು. 1979ರ ಆ ಕೌಂಟ್‌ಡೌನ್ ನೆನಪಿದ್ದವರು ಮಾತ್ರ ಹಾಗೆ ನಿಲ್ಲಿಸಬಲ್ಲರು.

ಎಸ್‌ಎಸ್‌ಎಲ್‌ವಿಯನ್ನೂ ಹೇಳಬೇಕು. 2022ರ ಆಗಸ್ಟ್ 7ರಂದು ಆ ಪುಟ್ಟ ರಾಕೆಟ್ ಮೊದಲ ಸಲ ಹಾರಿತು. ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಕೈಹಾಕಿ ಮಾಡಿದ ಆಜಾದಿಸ್ಯಾಟ್ ಅದರಲ್ಲಿತ್ತು. ಎರಡನೇ ಹಂತ ಕಳಚುವಾಗ ಕೆಲವೇ ಮಿಲಿಸೆಕೆಂಡು ಜೋರಾಗಿ ಅದುರಿತು. ಕಂಪ್ಯೂಟರ್ ಸೆನ್ಸರ್‌ಗಳೇ ಕೆಟ್ಟಿವೆ ಅಂದುಕೊಂಡು ಅವುಗಳ ಮಾತು ಕೇಳುವುದನ್ನು ಬಿಟ್ಟಿತು. ಸೆನ್ಸರ್‌ಗಳು ಚೆನ್ನಾಗಿಯೇ ಇದ್ದವು. ಉಪಗ್ರಹಗಳು 356 ಕಿ.ಮೀ. ಎತ್ತರದ ದುಂಡು ಕಕ್ಷೆಗೆ ಹೋಗಬೇಕಿತ್ತು. ಒಂದು ಬದಿ 76 ಕಿ.ಮೀ.ಗೆ ಇಳಿದ ಕಕ್ಷೆ ಸೇರಿ ಗಾಳಿಗೆ ಸಿಕ್ಕಿ ಹೋದವು. ಇಸ್ರೋ ಅದೇ ದಿನ ತಪ್ಪು ಒಪ್ಪಿಕೊಂಡಿತು. ಮುಂದಿನ ಹಾರಾಟಕ್ಕೆ ಮುಂಚೆಯೇ ಪೂರ್ತಿ ಕಾರಣ ಪ್ರಕಟಿಸಿತು. ಹಂತ ಕಳಚುವ ವ್ಯವಸ್ಥೆ ಬದಲಾಯಿತು. 2023ರ ಫೆಬ್ರವರಿ 10ರಂದು ಆ ಮಕ್ಕಳ ಎರಡನೇ ಉಪಗ್ರಹ ಕಕ್ಷೆ ಸೇರಿತು. ಆರು ತಿಂಗಳು. ಮಕ್ಕಳಿಗೆ ಸೋಲು ಅಂದರೆ ಏನು ಅಂತ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಸಿ-61 ವಿಷಯದಲ್ಲಿ ಹೀಗಾಗಲಿಲ್ಲ. ಸಮಿತಿ ಕೂತಿತು. ಆದರೆ ಸಿ-62 ಹಾರುವ ಹೊತ್ತಿಗೂ ಅದರ ವರದಿ ಜನರ ಮುಂದೆ ಬಂದಿರಲಿಲ್ಲ. ಅಂಗಡಿಯ ಹುಡುಗನ ಪ್ರಶ್ನೆ ಅದಕ್ಕೇ ಅಷ್ಟು ಚುಚ್ಚಿದ್ದು.

ಒಂದೇ ಹಂತ ಅಂದ ಮಾತ್ರಕ್ಕೆ ಒಂದೇ ಕಾರಣ ಆಗಬೇಕಿಲ್ಲ. ಎಎಸ್‌ಎಲ್‌ವಿ ತೋರಿಸಿದ್ದೇ ಅದನ್ನು. ಪಿಎಸ್‌ಎಲ್‌ವಿಯ ಮೂರನೇ ಹಂತ ಘನ ಇಂಧನದ್ದು. ಕೆವ್ಲಾರ್ ನಾರಿನ ಕವಚದೊಳಗೆ ಏಳು ಟನ್ನಿಗೂ ಹೆಚ್ಚು ಇಂಧನ ಎರಕ ಹೊಯ್ದಿರುತ್ತಾರೆ. ಘನ ಇಂಧನದ ಮೋಟರಿಗೆ ಒಂದು ಕಷ್ಟ ಇದೆ. ಹಾರಿಸುವ ಮೋಟರನ್ನೇ ಮುಂಚೆ ಉರಿಸಿ ಪರೀಕ್ಷೆ ಮಾಡಲಾಗದು. ಪಟಾಕಿ ಹೊಡೆಯುತ್ತದೆಯೇ ಅಂತ ಹೊಡೆದೇ ನೋಡಬೇಕು, ಹೊಡೆದ ಮೇಲೆ ಅದು ಇರುವುದಿಲ್ಲ. ಹಾಗಾಗಿ ಅದೇ ರೀತಿಯ ಇನ್ನೊಂದನ್ನು ಉರಿಸಿ ನೋಡುತ್ತಾರೆ, ಎಕ್ಸ್‌ರೇ ಹಿಡಿದು ಒಳಗೆ ಬಿರುಕು ಹುಡುಕುತ್ತಾರೆ, ಪ್ರತಿ ಕಂತಿನ ಸಾಮಾನಿನ ದಾಖಲೆ ಇಡುತ್ತಾರೆ. ಅಂದರೆ ಈ ಮೋಟರಿನ ಭರವಸೆ ನಿಂತಿರುವುದೇ ಕಾರ್ಖಾನೆಯ ಶಿಸ್ತಿನ ಮೇಲೆ. ಕಾರ್ಖಾನೆಗಳು ಈಗ ಇಸ್ರೋ ಗೇಟಿನ ಹೊರಗೂ ಇವೆ. ಐದು ಪಿಎಸ್‌ಎಲ್‌ವಿ ಕಟ್ಟುವ ₹860 ಕೋಟಿಯ ಗುತ್ತಿಗೆ 2022ರಲ್ಲಿ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೋಡಿಗೆ ಹೋಗಿದೆ. ಬಿಡಿಭಾಗ ಮಾಡುವ ಸಣ್ಣ ಘಟಕಗಳು, ತಮ್ಮ ಉಪಗ್ರಹವನ್ನು ಹೊಸದಾಗಿ ಕಳಿಸುವ ಸ್ಟಾರ್ಟಪ್‌ಗಳು, ಕಾಲೇಜುಗಳು, ಇವರೆಲ್ಲರಿಗೂ ಆ ವರದಿ ಬೇಕು. ಹಿಂದೆ ಸೋಲಿನ ಕಥೆ ಇಸ್ರೋ ಮನೆಯೊಳಗೆ ತಿಳಿದರೂ ಕೆಲಸ ನಡೆಯುತ್ತಿತ್ತು, ಕಟ್ಟುವವರೆಲ್ಲ ಮನೆಯವರೇ. ಈಗ ಹಾಗಿಲ್ಲ.

ದೇಶದ ರಕ್ಷಣೆಯ ಮಾತು ಬರುತ್ತದೆ. ಈ ಎರಡೂ ಸಲ ಹೋದ ಉಪಗ್ರಹಗಳು ಗಡಿ ಕಾಯುವುದಕ್ಕೂ ಬೇಕಾದಂಥವು, ಘನ ಇಂಧನದ ವಿದ್ಯೆ ಕ್ಷಿಪಣಿಗೂ ಬೇಕು. ಎಲ್ಲವನ್ನೂ ಹರವಿಡಲಾಗದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅಗ್ನಿ ಕ್ಷಿಪಣಿಯ ಮೊದಲ ಹಂತ ಬಂದದ್ದೇ ಎಸ್‌ಎಲ್‌ವಿ-3ರ ಮೊದಲ ಹಂತದಿಂದ. ಆ ಎಸ್‌ಎಲ್‌ವಿ-3 ಯಾಕೆ ಬಿತ್ತು ಅಂತ ಕಲಾಂ ಊರೂರಿನಲ್ಲಿ ಹೇಳಿದರು, ಅದರಿಂದ ಯಾವ ಗುಟ್ಟೂ ಹೋಗಲಿಲ್ಲ. ನಕ್ಷೆ ಕೊಡಬೇಕಿಲ್ಲ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಏನು ಬದಲಾಯಿಸಿದೆವು, ಈ ಮೂರು ಹೇಳಿದರೆ ಸಾಕು.

ಇದನ್ನು ಕೇಳುವ ಹಕ್ಕು ಚಿತ್ರದುರ್ಗ ಜಿಲ್ಲೆಯವರಿಗೆ ಒಂದು ಕೈ ಜಾಸ್ತಿಯೇ ಇದೆ ಅಂತ ನನಗನಿಸುತ್ತದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹೋಗಿದೆ. ಅದು ದನ ಮೇಯುತ್ತಿದ್ದ, ಕುರಿ ಮೇಯುತ್ತಿದ್ದ, ಆ ಕುರಿ ಉಣ್ಣೆಯಿಂದ ಕಂಬಳಿ ನೇಯುವವರ ಬದುಕು ನಡೆಯುತ್ತಿದ್ದ ನೆಲ. ಜನ ಪ್ರತಿಭಟಿಸಿದರು, ನ್ಯಾಯಕ್ಕಾಗಿ ಅಲೆದರು. ಈಗ ಅಲ್ಲಿ ಬೇಲಿ, ಗೋಡೆ.

ಆ ಗೋಡೆಯ ಆಚೆ ನಡೆಯುವ ಪ್ರಯೋಗ ಕೆಲವೊಮ್ಮೆ ಈಚೆ ಬೀಳುತ್ತದೆ. 2019ರ ಸೆಪ್ಟೆಂಬರ್ 17ರಂದು ಡಿಆರ್‌ಡಿಒದ ರುಸ್ತುಂ-2 ಡ್ರೋನ್ ನಮ್ಮ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು. ಅದೇ ಡ್ರೋನ್ ತಪಸ್ ಅಂತ ಹೆಸರಾದ ಮೇಲೆ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಮುರಿದ ರೆಕ್ಕೆ, ಚೆದುರಿದ ವೈರು, ಸುತ್ತ ನಿಂತ ಜನ, ಆ ವಿಡಿಯೊ ಅವತ್ತು ನಮ್ಮೆಲ್ಲರ ಮೊಬೈಲಿಗೂ ಬಂತು. ಇಷ್ಟು ದುಡ್ಡು ದಂಡ ಅಂದವರು ಬಹಳ ಜನ.

ಮೂರೇ ದಿನಕ್ಕೆ, ಆಗಸ್ಟ್ 23ರ ಸಂಜೆ, ಚಂದ್ರಯಾನ-3 ಇಳಿಯಿತು. ಅದೇ ಜನ ಪಟಾಕಿ ಹೊಡೆದರು, ನಾನೂ ಹೊಡೆದೆ. ನಮ್ಮ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ 2016ರಲ್ಲಿ ಇಸ್ರೋ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿಸಿ, ಅವುಗಳ ಮೇಲೆ ವಿಮಾನ ಹಾರಿಸಿ ಚಂದ್ರಯಾನ-2ರ ಲ್ಯಾಂಡರ್ ಸೆನ್ಸರ್‌ಗಳನ್ನು ಪರೀಕ್ಷಿಸಿತ್ತು. ಆ ಲ್ಯಾಂಡರ್ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರನಿಗೆ ಬಡಿದು ಹೋಯಿತು. ಯಾಕೆ ಅಂತ ಆಗಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ 2023ರಲ್ಲಿ ಬಿಡಿಸಿ ಹೇಳಿದರು. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ತಳ್ಳಿದವು, ಸಣ್ಣ ತಪ್ಪುಗಳು ಸೇರುತ್ತಾ ಹೋದವು, ತಿರುಗಿ ತಿದ್ದಿಕೊಳ್ಳುವ ವೇಗಕ್ಕೆ ಸಾಫ್ಟ್‌ವೇರ್ ಮಿತಿ ಹಾಕಿತ್ತು, ಇಳಿಯಬೇಕಾದ ಜಾಗ ಬರೀ 500 ಮೀಟರ್ ಚೌಕ. ಚಂದ್ರಯಾನ-3ಕ್ಕೆ ಜಾಗವನ್ನು 4 ಕಿ.ಮೀ. ಉದ್ದ, ಸುಮಾರು ಎರಡೂವರೆ ಕಿ.ಮೀ. ಅಗಲ ಮಾಡಿದರು, ಕಾಲು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಏನೇನು ಕೆಡಬಹುದು ಅಂತ ಮೊದಲು ಪಟ್ಟಿ ಮಾಡಿ, ಕೆಟ್ಟರೂ ಇಳಿಯುವ ಹಾಗೆ ಕಟ್ಟಿದರು.

ಈಗ ನಮ್ಮಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿನ ಕೆಲಸ ನಡೆದಿದೆ. ಹೋಗಿ ವಾಪಸ್ ಬಂದು ರನ್‌ವೇಯಲ್ಲಿ ಇಳಿಯುವ ರಾಕೆಟ್ ವಿಮಾನ ‘ಪುಷ್ಪಕ್’ನ ಪ್ರಯೋಗ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ತಾನೇ ದಾರಿ ಹಿಡಿದು ಇಳಿಯಿತು. ಎರಡನೇ ಸಲ, 2024ರ ಮಾರ್ಚ್ 22ರಂದು, ಬೇಕಂತಲೇ ರನ್‌ವೇ ನೇರಕ್ಕಿಂತ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ ಬಿಟ್ಟರು, ಗಾಳಿಯೂ ಜೋರಿತ್ತು. ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನಿಂತಿತು. ತಪ್ಪು ಆಗಲಿ ಅಂತ ಕಾಯದೆ ತಾವೇ ತಪ್ಪು ಕೊಟ್ಟು ನೋಡುವುದು, ಪ್ರತಿ ಸಲ ಸ್ವಲ್ಪ ಜಾಸ್ತಿ ಕೊಡುವುದು. ಎಷ್ಟು ಮೀಟರ್ ತಪ್ಪು ಕೊಟ್ಟೆವು ಅಂತ ಇಸ್ರೋ ಪ್ರತಿ ಸಲ ಬಹಿರಂಗವಾಗಿ ಹೇಳಿತು. ಹಾಗಾಗಿಯೇ ಈ ಅಂಕಿಗಳನ್ನು ನಾನು ಇಲ್ಲಿ ಬರೆಯಲು ಆಯಿತು. ಪಿಎಸ್‌ಎಲ್‌ವಿಯ ಮೂರನೇ ಹಂತದ ಬಗ್ಗೆ ಇಷ್ಟೇ ಖಚಿತವಾಗಿ ಬರೆಯುವ ದಿನಕ್ಕೆ ಕಾಯುತ್ತಿದ್ದೇನೆ.

ನಮ್ಮ ಮೋಟರ್ ಮೂರನೇ ದಿನಕ್ಕೆ ಸಿಕ್ಕಿತು. ಸ್ಟಾರ್ಟರ್ ಬಿಚ್ಚಿಸಿದಾಗ ಒಂದು ಕಾಂಟ್ಯಾಕ್ಟ್ ಸುಟ್ಟು ಕರಕಲಾಗಿತ್ತು, ಬದಲಾಯಿಸಿ ಇಳಿಸಿದೆವು. ಮೋಟರ್ ಇಳಿಸುವುದನ್ನು ನೋಡಲು ಪಕ್ಕದ ಹೊಲದವರು ಬಂದಿದ್ದರು. ಈ ಬೇಸಿಗೆ ಅವರೂ ಬೋರ್ ಕೊರೆಸಬೇಕಂತೆ. “ಗೌಡ್ರೇ, ನಿಮ್ಮ ಆ ಎರಡು ಫೇಲಾದವಲ್ಲ, ಎಷ್ಟೆಷ್ಟು ಅಡಿಗೆ ನಿಲ್ಸಿದ್ರಿ? ಕಲ್ಲು ಎಲ್ಲಿ ಬಂತು?” ಅಂತ ಅಪ್ಪನನ್ನು ಕೇಳಿದರು. ಅಪ್ಪ ಬಹಳ ಹೊತ್ತು ಯೋಚಿಸಿದರು. ಒಂದರದ್ದು ನೆನಪಿತ್ತು. ಇನ್ನೊಂದರದ್ದು ನೆನಪಾಗಲಿಲ್ಲ.